"ಎಲ್ಲ ಓದಿದ್ದೀನಿ ಮೇಡಂ, ಏನೂ ಬರಲ್ಲ": ಮಾಲಿಕ್ಯುಲರ್ ಬಯಾಲಜಿ ವಿದ್ಯಾರ್ಥಿನಿಯೊಬ್ಬಳ ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಕೈಬಿಟ್ಟಿದ್ದೇನೆ.

ವಯಸ್ಸು 19. ವಿಶ್ವವಿದ್ಯಾಲಯದಲ್ಲಿ ಮಾಲಿಕ್ಯುಲರ್ ಮತ್ತು ಸೆಲ್ ಬಯಾಲಜಿ ಓದುತ್ತಿರುವ ಎರಡನೇ ವರ್ಷದ ಹುಡುಗಿ. ಶಾಲೆಯಲ್ಲಿ ಜೀವವಿಜ್ಞಾನದಲ್ಲಿ ಆಕೆಗೇ ಮೊದಲ ಸ್ಥಾನ. ಇಲ್ಲಿಗೆ ಬಂದ ಮೇಲೆ ಮಾರ್ಕ್ಸ್ ಇಳಿಯುತ್ತಲೇ ಬಂದು ಕೊನೆಗೆ ಒಂದು ಪೇಪರ್ ಫೇಲ್ ಆಗಿತ್ತು. ಬಂದು ಕೂತವಳು ನೇರವಾಗಿ ಹೇಳಿದಳು: "ಕೋರ್ಸ್ ಬಿಡ್ತೀನಿ ಅಂತ ತೀರ್ಮಾನ ಮಾಡಿಬಿಟ್ಟಿದ್ದೀನಿ ಮೇಡಂ. ಅಪ್ಪ ಅಮ್ಮನಿಗೆ ಹೇಗೆ ಹೇಳೋದು ಅಂತ ಕೇಳೋಕೆ ಬಂದೆ."

ಇಂಥ ಸಂದರ್ಭದಲ್ಲಿ ಕೋರ್ಸಿನ ವಿಷಯಕ್ಕೆ ಹೋಗುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಮೊದಲು ಇಷ್ಟವಾಗುತ್ತಿದ್ದುದು ಈಗಲೂ ಇಷ್ಟವಾಗುತ್ತಿದೆಯೇ, ಬದುಕೇ ಬೇಡ ಎನಿಸಿದ್ದುಂಟೇ? ಕೊನೆಯ ಪ್ರಶ್ನೆಯನ್ನು ಸುತ್ತಿಬಳಸದೆ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಅನೇಕ ಮನೆಯವರಿಗಿದೆ. ಹಾಗಾಗುವುದಿಲ್ಲ, ಕೇಳಿದವರ ಮುಂದೆ ಭಾರ ಇಳಿಸುವುದು ಸುಲಭವಾಗುತ್ತದೆ. ಆಕೆಗೆ ಅಂಥ ಯೋಚನೆ ಇರಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ ನಿದ್ದೆಗೆಟ್ಟಿದ್ದಳು, ಗೆಳತಿಯರನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದಳು, ಲ್ಯಾಬ್ ಇರುವ ದಿನ ಬೆಳಗ್ಗೆಯೇ ಹೊಟ್ಟೆ ತೊಳಸುತ್ತಿತ್ತು. ಮನಸ್ಸು ಕುಗ್ಗಿದ ಸ್ಥಿತಿ ಎರಡು ವಾರಕ್ಕೂ ಮೀರಿ ಬಿಡದೆ ಕಾಡಿದರೆ ವೈದ್ಯರನ್ನು ನೋಡಲೇಬೇಕು, ಆಗ ನಾನೇ ಕಳಿಸುತ್ತೇನೆ ಎಂದು ಹೇಳಿಟ್ಟೆ. ಆ ಅಗತ್ಯ ಬೀಳಲಿಲ್ಲ.

ಆಮೇಲೆ ಅವಳ ನೋಟ್ಸ್ ತರಿಸಿ ನೋಡಿದೆ. ನಾನೂ ಈ ವೃತ್ತಿಗೆ ಬರುವ ಮೊದಲು ಜೀವವಿಜ್ಞಾನ ಓದಿದವಳು, ಹಾಗಾಗಿ ಓದಲು ಸಾಧ್ಯವಾಯಿತು. ಎಷ್ಟು ಅಚ್ಚುಕಟ್ಟು! ನಾಲ್ಕು ಬಣ್ಣದ ಪೆನ್ನು, ಪ್ರತಿ ಕಿಣ್ವದ ಹೆಸರಿಗೂ ಚೌಕಟ್ಟು. ಹೆಲಿಕೇಸ್, ಪ್ರೈಮೇಸ್, ಲೈಗೇಸ್ ಸಾಲಾಗಿ ನಿಂತಿದ್ದವು. ಓದುವ ಕ್ರಮ ಕೇಳಿದೆ. "ಪುಸ್ತಕ ಓದ್ತೀನಿ, ಗೆರೆ ಎಳೀತೀನಿ, ನೀಟಾಗಿ ಬರ್ಕೋತೀನಿ, ಪರೀಕ್ಷೆಗೆ ಮುಂಚೆ ಮತ್ತೆ ಮತ್ತೆ ಓದ್ತೀನಿ. ಎಲ್ಲ ಓದಿದ್ದೀನಿ ಮೇಡಂ, ಪ್ರಶ್ನೆಪತ್ರಿಕೆ ನೋಡಿದ್ರೆ ಏನೂ ಬರಲ್ಲ." ಶ್ರಮದಲ್ಲಿ ಕೊರತೆಯಿರಲಿಲ್ಲ. ಸೋಮಾರಿತನ ಎಂದು ಅವಳು ತನ್ನನ್ನೇ ಹಳಿದುಕೊಳ್ಳುತ್ತಿದ್ದುದು ಪೂರಾ ಅನ್ಯಾಯ ಎಂದು ಅಲ್ಲೇ ಹೇಳಿದೆ.

ಫೇಲಾದ ಪೇಪರಿನ ಪ್ರಶ್ನೆಯೊಂದನ್ನು ಇಬ್ಬರೂ ನೋಡಿದೆವು. ಡಿಎನ್‌ಎ ತನ್ನ ಪ್ರತಿಯನ್ನು ಹೇಗೆ ಮಾಡಿಕೊಳ್ಳುತ್ತದೆ ಎಂಬುದಕ್ಕೆ 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಪ್ರಕಟಿಸಿದ ಪ್ರಯೋಗ ಅದು. ಬ್ಯಾಕ್ಟೀರಿಯಾವನ್ನು ಭಾರದ ನೈಟ್ರೋಜನ್-15ರಲ್ಲಿ ಬೆಳೆಸಿ, ನಂತರ ಸಾಮಾನ್ಯ ನೈಟ್ರೋಜನ್-14ಕ್ಕೆ ಬದಲಾಯಿಸಿ, ಡಿಎನ್‌ಎಯನ್ನು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅತಿ ವೇಗವಾಗಿ ತಿರುಗಿಸಿ ಭಾರಕ್ಕೆ ತಕ್ಕಂತೆ ಬೇರೆ ಬೇರೆ ಪಟ್ಟಿಗಳಾಗಿ ಬೇರ್ಪಡಿಸಿದರು. ಇಷ್ಟನ್ನು ಹುಡುಗಿ ತಡವರಿಸದೆ ಹೇಳಿದಳು. ಆದರೆ ಪರೀಕ್ಷೆಯಲ್ಲಿ ಕೇಳಿದ್ದು ಬೇರೆ: ಹಳೆಯ ಎಳೆಗಳು ತುಂಡುತುಂಡಾಗಿ ಹೊಸದರೊಂದಿಗೆ ಬೆರೆಯುತ್ತಿದ್ದರೆ ಎರಡನೇ ಪೀಳಿಗೆಯಲ್ಲಿ ಏನು ಕಾಣಬೇಕಿತ್ತು? ಆಕೆ ಅದಕ್ಕೂ ನಿಜವಾಗಿ ಕಂಡದ್ದನ್ನೇ ಎರಡು ಪುಟ ಬರೆದಿದ್ದಳು.

"ಪುಸ್ತಕ ಮುಚ್ಚು, ಗೆರೆ ಎಳೆದು ತೋರಿಸು" ಎಂದೆ. ಹಳೆಯ ಎಳೆಗೆ ಒಂದು ಬಣ್ಣ, ಹೊಸದಕ್ಕೆ ಇನ್ನೊಂದು. ಮೂಲ ಡಿಎನ್‌ಎ ಇಡಿಯಾಗಿ ಉಳಿದು ಪ್ರತಿ ಬೇರೆಯಾಗಿ ಹುಟ್ಟುವುದಾದರೆ ಮೊದಲ ಪೀಳಿಗೆಯಲ್ಲೇ ಭಾರದ್ದೊಂದು, ಹಗುರದ್ದೊಂದು ಪಟ್ಟಿ ಕಾಣಬೇಕು. ಕಂಡದ್ದು ನಡುವಿನ ಒಂದೇ ಪಟ್ಟಿ. ಹಾಗಾಗಿ ಆ ಊಹೆ ಅಲ್ಲಿಗೇ ಬಿತ್ತು. ತುಂಡುತುಂಡಾಗಿ ಬೆರೆಯುವ ಊಹೆ ಮಾತ್ರ ಮೊದಲ ಪೀಳಿಗೆಯಲ್ಲಿ ಬೀಳುವುದಿಲ್ಲ, ಅದೂ ನಡುವಿನ ಪಟ್ಟಿಯನ್ನೇ ಕೊಡುತ್ತದೆ. ಎರಡನೇ ಪೀಳಿಗೆಯಲ್ಲಿ ಅದು ಸರಿಯಾಗಿದ್ದರೆ ಹಗುರದ ಕಡೆಗೆ ಸರಿದ ಒಂದೇ ಪಟ್ಟಿ ಬರಬೇಕಿತ್ತು. ಬಂದದ್ದು ಎರಡು, ಅರ್ಧ ನಡುವಿನದು, ಅರ್ಧ ಹಗುರದ್ದು. ಅಂದರೆ ಪ್ರತಿಯಾಗುವಾಗ ಎರಡು ಎಳೆಗಳು ಬೇರೆಯಾಗಿ, ಪ್ರತಿ ಹಳೆಯ ಎಳೆಗೂ ಒಂದು ಹೊಸ ಎಳೆ ಜೊತೆಯಾಗುತ್ತದೆ. ಗೆರೆ ಎಳೆಯುತ್ತಾ ಎಳೆಯುತ್ತಾ ಆಕೆ ತಾನೇ ಅಲ್ಲಿಗೆ ಬಂದಳು. "ಓ, ಅದಕ್ಕೇ ಎರಡನೇ ಪೀಳಿಗೆ ತನಕ ಕಾದಿದ್ದು!" ಎಂದಳು. ಆ ದನಿಯಲ್ಲಿ ಖುಷಿಯಿತ್ತು. ವಿಷಯದ ಮೇಲೆ ಆಸೆ ಸತ್ತಿಲ್ಲ ಎಂಬುದು ನನಗೆ ಖಾತ್ರಿಯಾದದ್ದು ಆಗ.

ನನ್ನ ಅನಿಸಿಕೆಯನ್ನು ಬಿಚ್ಚಿ ಹೇಳಿದೆ. ಈ ಶಾಸ್ತ್ರದಲ್ಲಿ ಪುಸ್ತಕದ ಪ್ರತಿ ವಾಕ್ಯದ ಹಿಂದೆ ಯಾರೋ ಕೇಳಿದ ಪ್ರಶ್ನೆಯಿದೆ, ತಳ್ಳಿಹಾಕಿದ ಬೇರೆ ಉತ್ತರಗಳಿವೆ. ಶಾಲೆಯಲ್ಲಿ ವಾಕ್ಯ ನೆನಪಿದ್ದರೆ ಸಾಕಿತ್ತು. ಇಲ್ಲಿ ವಾಕ್ಯ ಹುಟ್ಟಿದ ದಾರಿಯನ್ನು ಕೇಳುತ್ತಾರೆ. ಅವಳು ದಡ್ಡಿಯಾಗಿಲ್ಲ, ಪರೀಕ್ಷೆ ಬೇರೆಯಾಗಿದೆ.

ಇಲ್ಲಿ ಒಂದು ಮಾತು. "ಉರು ಹೊಡೆಯಬೇಡಿ, ಅರ್ಥ ಮಾಡಿಕೊಳ್ಳಿ" ಎಂದು ಹೇಳಿ ಸುಮ್ಮನಾಗುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪ್ರೊಟೀನನ್ನು ಕಟ್ಟುವ 20 ಅಮೈನೋ ಆಮ್ಲಗಳ ಸ್ವಭಾವ ಬಾಯಿಗೆ ಬಾರದೆ ಆ ಪ್ರೊಟೀನು ಹೇಗೆ ಮಡಚಿಕೊಳ್ಳುತ್ತದೆ ಎಂಬುದು ಅರ್ಥವಾಗದು. ನೆನಪಿಡಬೇಕಾದದ್ದು ಬೇಕಾದಷ್ಟಿದೆ. ಹೇಗೆ ನೆನಪಿಡಬೇಕೆಂಬುದನ್ನು ಯಾರೂ ಕಲಿಸಿರುವುದಿಲ್ಲ, ಅಷ್ಟೆ. ಮತ್ತೆ ಮತ್ತೆ ಓದಿದಾಗ ಅಕ್ಷರಗಳು ಪರಿಚಿತವಾಗುತ್ತವೆ, ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದುಕೊಳ್ಳುತ್ತೇವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿ ತೋರಿಸಿದರು: ಓದಿದ 5 ನಿಮಿಷಕ್ಕೆ ಕೇಳಿದರೆ ಮತ್ತೆ ಓದಿದವರೇ ಮುಂದು, ಒಂದು ವಾರ ಬಿಟ್ಟು ಕೇಳಿದರೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಮುಂದು. ನೆನಪಿನಿಂದ ಬರೆಯುವಾಗ ಕಷ್ಟವಾಗುತ್ತದೆ, ಅರ್ಧ ಬರುವುದಿಲ್ಲ, ಬೇಸರವಾಗುತ್ತದೆ. ಆ ಕಷ್ಟವೇ ಕಲಿಕೆಯ ಕೆಲಸ ಎಂದು ಅವಳಿಗೆ ವಿವರಿಸಿದೆ. ಇಲ್ಲದಿದ್ದರೆ ಮೊದಲ ದಿನವೇ "ನೋಡಿ, ಏನೂ ಬರಲ್ಲ" ಎಂದು ಕೈಬಿಡುತ್ತಿದ್ದಳು.

ಓದಿಗೆ ಕೊಟ್ಟ ಸಲಹೆ ಹೀಗಿತ್ತು. ಪಾಠವಾದ ದಿನವೇ ಖಾಲಿ ಹಾಳೆಯ ಮೇಲೆ ನೆನಪಿನಿಂದ ಚಿತ್ರ ಬಿಡಿಸುವುದು, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸುವುದು, ಕೆಲವು ದಿನ ಬಿಟ್ಟು ಮತ್ತೆ ಖಾಲಿ ಹಾಳೆಯಿಂದಲೇ ಶುರು. ಪ್ರತಿ ಚಿತ್ರಕ್ಕೂ ಒಂದು ಪ್ರಶ್ನೆ ಕಡ್ಡಾಯ: ಇದರಲ್ಲಿ ಒಂದು ಭಾಗ ಕೆಟ್ಟರೆ ಏನಾಗುತ್ತದೆ? ಉದಾಹರಣೆಗೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಒಳಪೊರೆಯ ಎರಡು ಬದಿಗಳ ನಡುವಿನ ಪ್ರೋಟಾನ್ ವ್ಯತ್ಯಾಸದಿಂದಲೇ ಎಟಿಪಿ (ಜೀವಕೋಶ ಶಕ್ತಿಗಾಗಿ ಬಳಸುವ ಅಣು) ತಯಾರಾಗುತ್ತದೆ ಎಂದು ಪೀಟರ್ ಮಿಚೆಲ್ 1961ರಲ್ಲಿ ಹೇಳಿದರು. ಆ ಪೊರೆಯಲ್ಲಿ ಪ್ರೋಟಾನ್ ಸೋರುವಂತೆ ಮಾಡಿದರೆ? ಆಮ್ಲಜನಕ ಖರ್ಚಾಗುತ್ತಲೇ ಇರುತ್ತದೆ, ಎಟಿಪಿ ಕುಸಿಯುತ್ತದೆ, ಶಕ್ತಿ ಶಾಖವಾಗಿ ಹೋಗುತ್ತದೆ. ಈ ಒಂದು ಪ್ರಶ್ನೆಗೆ ಉತ್ತರಿಸಬಲ್ಲವಳಿಗೆ ಇಡೀ ಪಾಠ ಗೊತ್ತಿದೆ ಎಂದರ್ಥ. ಮಿಚೆಲ್ ಅವರ ಮಾತನ್ನು ಅಂದಿನ ಘಟಾನುಘಟಿಗಳೂ ಬೇಗ ಒಪ್ಪಲಿಲ್ಲ, ನೊಬೆಲ್ ಬಂದದ್ದು 1978ರಲ್ಲಿ ಎಂದು ಹೇಳಿದಾಗ ಆಕೆಗೆ ಆಶ್ಚರ್ಯ. ಒಂದೇ ಓದಿಗೆ ತಲೆಗೆ ಹತ್ತಲಿಲ್ಲವೆಂದು ನಾಚಿಕೊಳ್ಳುತ್ತಿದ್ದ ಪಾಠ ಅದು.

ಬಣ್ಣದ ಪೆನ್ನಿನ ನೋಟ್ಸ್ ಬಿಡಲು ಮಾತ್ರ ಅವಳಿಗೆ ಬಹಳ ಕಷ್ಟವಾಯಿತು. ಬಿಡು ಎಂದು ಒತ್ತಾಯಿಸಲಿಲ್ಲ. ವಾರಕ್ಕೆ ಒಂದು ವಿಷಯಕ್ಕೆ ಇಟ್ಟುಕೋ, ಉಳಿದದ್ದಕ್ಕೆ ಖಾಲಿ ಹಾಳೆ ಎಂದು ಒಪ್ಪಂದ ಮಾಡಿಕೊಂಡೆವು.

ಇನ್ನು ಲ್ಯಾಬ್. ನಿಜವಾದ ಗಾಯ ಇಲ್ಲಿತ್ತು. ಪಿಸಿಆರ್ (ಡಿಎನ್‌ಎ ತುಣುಕನ್ನು ಟ್ಯೂಬಿನಲ್ಲಿ ಅನೇಕ ಪಟ್ಟು ನಕಲು ಮಾಡುವ ವಿಧಾನ) ಪ್ರಾಕ್ಟಿಕಲ್‌ನಲ್ಲಿ ಉಳಿದವರ ಜೆಲ್‌ನಲ್ಲಿ ಬ್ಯಾಂಡ್, ಅಂದರೆ ಡಿಎನ್‌ಎ ಇದೆ ಎಂದು ತೋರಿಸುವ ಗೆರೆ, ಬಂದಿತ್ತು, ಆಕೆಯದರಲ್ಲಿ ಬರಲಿಲ್ಲ. ಎಲ್ಲರೆದುರು ಯಾರೋ ಏನೋ ಅಂದರು. ಅಂದಿನಿಂದ ದ್ರವ ಅಳೆದು ಹಾಕುವ ಪಿಪೆಟ್ ಹಿಡಿದರೆ ಕೈ ನಡುಗುತ್ತಿತ್ತು, ಕೈ ನಡುಗಿದರೆ ಅಳತೆ ತಪ್ಪುತ್ತಿತ್ತು. "ನನ್ನ ಕೈಗುಣವೇ ಸರಿಯಿಲ್ಲ" ಎಂದು ನಂಬಿದ್ದಳು.

ನಾನು ಸಮಾಧಾನ ಹೇಳಲಿಲ್ಲ, ಪ್ರಶ್ನೆ ಕೇಳಿದೆ. ಜೆಲ್‌ನಲ್ಲಿ ಅಳತೆಗೆ ಹಾಕುವ ಲ್ಯಾಡರ್ ಕಾಣಿಸಿತಾ? ಕಾಣಿಸಿತು. ಹಾಗಾದರೆ ಜೆಲ್ಲೂ ಬಣ್ಣವೂ ಸರಿ. ಬ್ಯಾಂಡ್ ಬರಲೇಬೇಕೆಂದು ಮೊದಲೇ ಗೊತ್ತಿರುವ ಸ್ಯಾಂಪಲ್, ಅಂದರೆ ಪಾಸಿಟಿವ್ ಕಂಟ್ರೋಲ್‌ನಲ್ಲಿ ಬ್ಯಾಂಡ್ ಇತ್ತಾ? ಇತ್ತು. ಅದಕ್ಕೂ ಅವಳ ಟ್ಯೂಬಿಗೂ ಒಂದೇ ಬಾಟಲಿಯ ಕಿಣ್ವ, ಒಂದೇ ಯಂತ್ರ. ಅಂದರೆ ಅವೂ ಸರಿ. ಉಳಿದದ್ದು ಅವಳ ಡಿಎನ್‌ಎ ಸ್ಯಾಂಪಲ್, ಅಥವಾ ಆ ಒಂದು ಟ್ಯೂಬಿಗೆ ಏನೋ ಬೀಳದೆ ಹೋದದ್ದು. ಮೈಕ್ರೋಲೀಟರ್ ಎಂದರೆ ಮಿಲಿಲೀಟರಿನ ಸಾವಿರದ ಒಂದು ಪಾಲು. ಅರ್ಧ ಮೈಕ್ರೋಲೀಟರ್ ಕಿಣ್ವ ಪಿಪೆಟ್ ತುದಿಗೇ ಅಂಟಿಕೊಂಡು ಉಳಿಯಬಹುದು. ಮೆಗ್ನೀಸಿಯಂ ಇಲ್ಲದಿದ್ದರೆ ಆ ಕಿಣ್ವ ಕೆಲಸವನ್ನೇ ಮಾಡದು. ಒಳ್ಳೆಯ ಸ್ಥಿತಿಯಲ್ಲಿ ಪ್ರತಿ ಸುತ್ತಿಗೂ ಡಿಎನ್‌ಎ ದುಪ್ಪಟ್ಟಾಗಿ 30 ಸುತ್ತಿನಲ್ಲಿ ಒಂದು ತುಣುಕು ನೂರು ಕೋಟಿ ದಾಟುವ ಕ್ರಿಯೆ ಇದು. ಶುರುವಿನಲ್ಲೇ ಒಂದು ಸಾಮಗ್ರಿ ತಪ್ಪಿದರೆ ಕೊನೆಯಲ್ಲಿ ಏನೂ ಇರುವುದಿಲ್ಲ. ಬ್ಯಾಂಡ್ ಬಾರದ ಜೆಲ್ ಟ್ಯೂಬಿನ ಬಗ್ಗೆ ಏನೋ ಹೇಳುತ್ತಿದೆ, ಮನುಷ್ಯಳ ಯೋಗ್ಯತೆಯ ಬಗ್ಗೆ ಅದಕ್ಕೇನೂ ಗೊತ್ತಿಲ್ಲ.

ಲ್ಯಾಬ್‌ಗೆ ಹೋಗುವ ಹಿಂದಿನ ದಿನ ದ್ರಾವಣದ ಲೆಕ್ಕಗಳನ್ನು ಮನೆಯಲ್ಲೇ ಮಾಡಿಕೊಂಡು ಹೋಗಲು ಹೇಳಿದೆ. ಟ್ಯೂಬಿಗೆ ಹಾಕಿದ್ದನ್ನೆಲ್ಲ ಹಾಕಿದ ಕೂಡಲೇ ಗುರುತು ಹಾಕುವುದು, ತಪ್ಪಾದದ್ದನ್ನೂ ಹಾಗೆಯೇ ಬರೆದಿಡುವುದು. ಬಿಡುವಿನ ವೇಳೆ ಬಣ್ಣದ ನೀರಿನಲ್ಲಿ ಪಿಪೆಟ್ ಅಭ್ಯಾಸ ಮಾಡಲು ಅಲ್ಲಿನ ಸಹಾಯಕರನ್ನು ಕೇಳು ಎಂದೆ. ಕೇಳಲು ಹಿಂಜರಿದಳು, ಕೊನೆಗೆ ಕೇಳಿದಳು, ಅವರು ಸಂತೋಷದಿಂದ ಒಪ್ಪಿದರು. ಮೇಷ್ಟರ ಬಳಿಯೂ "ಅರ್ಥವಾಗಲಿಲ್ಲ" ಎಂದಷ್ಟೇ ಹೇಳದೆ, ಬಿಡಿಸಿದ ಚಿತ್ರ ಒಯ್ದು "ಇಲ್ಲಿಂದ ಮುಂದೆ ಗೊತ್ತಾಗುತ್ತಿಲ್ಲ" ಎಂದು ಬೆರಳಿಟ್ಟು ತೋರಿಸಲು ಹೇಳಿದೆ.

ತಾಯಿಯೊಂದಿಗೆ ಒಮ್ಮೆ ಮಾತಾಡಿದೆ, ಮಗಳ ಎದುರಲ್ಲೇ. "ನಾವೇನೂ ಬೈದಿಲ್ಲ ಮೇಡಂ" ಎಂದರು. ನಿಜ, ಬೈದಿರಲಿಲ್ಲ. ಆದರೆ ದಿನವೂ ಫೋನಿನಲ್ಲಿ ಮೊದಲ ಪ್ರಶ್ನೆ ಮಾರ್ಕ್ಸಿನದೇ ಆಗಿರುತ್ತಿತ್ತು. ಕೆಲವು ವಾರ ಆ ಪ್ರಶ್ನೆ ಬೇಡ, ಇವತ್ತು ಏನು ಕಲಿತೆ ಎಂದು ಕೇಳಿ, ಅರ್ಥವಾಗದಿದ್ದರೂ ಕೇಳಿಸಿಕೊಳ್ಳಿ ಎಂದೆ. ಅವರು ಮಾತು ಉಳಿಸಿಕೊಂಡರು.

ಕೋರ್ಸ್ ಬಿಡುವ ವಿಚಾರದಲ್ಲಿ ನಾನು ಬೇಡ ಎನ್ನಲೂ ಇಲ್ಲ, ಸರಿ ಎನ್ನಲೂ ಇಲ್ಲ. ಫಲಿತಾಂಶ ಬಂದ ತಿಂಗಳಲ್ಲಿ ಇಂಥ ತೀರ್ಮಾನ ಮಾಡುವುದು ಬೇಡ, ಸೆಮಿಸ್ಟರ್ ಮುಗಿಯಲಿ ಎಂದಷ್ಟೇ ಕೇಳಿಕೊಂಡೆ. ಅಷ್ಟರಲ್ಲಿ ಎರಡು ಪಟ್ಟಿ ಬರೆಯುತ್ತಾ ಬರಲು ಹೇಳಿದೆ: ಈ ವಿಷಯದಲ್ಲಿ ತನಗೆ ಇಷ್ಟವಿಲ್ಲದ್ದು, ಮತ್ತು ಈ ವಿಷಯ ಓದುವಾಗ ತನ್ನ ಸ್ಥಿತಿಯಲ್ಲಿ ಇಷ್ಟವಿಲ್ಲದ್ದು. ಎರಡನೆಯದು ಪುಟ ತುಂಬಿತು. ಮೊದಲನೆಯದರಲ್ಲಿ ಎರಡೇ ಸಾಲು. ಒಂದು, ಕಿಣ್ವಗಳ ವೇಗದ ಗಣಿತ. ಇನ್ನೊಂದು, ಪ್ರಾಣಿಗಳ ಮೇಲಿನ ಪ್ರಯೋಗ. ಎರಡನೇ ಸಾಲನ್ನು ನಾನು ಗಂಭೀರವಾಗಿ ತೆಗೆದುಕೊಂಡೆ. ಅದು ಮನಸ್ಸಿಗೆ ಒಪ್ಪದ ವಿಷಯ, ಭಯವಲ್ಲ. ಯೀಸ್ಟ್, ಬ್ಯಾಕ್ಟೀರಿಯಾ, ಸಸ್ಯಕೋಶ, ಕಂಪ್ಯೂಟರಿನಲ್ಲಿ ಜೀನೋಮ್ ವಿಶ್ಲೇಷಣೆ ಹೀಗೆ ಪ್ರಾಣಿಗಳನ್ನು ಮುಟ್ಟದೆ ಮಾಡುವ ಕೆಲಸ ಈ ಕ್ಷೇತ್ರದಲ್ಲಿ ಧಾರಾಳವಾಗಿದೆ. ಜೀವಕೋಶ ವಿಭಜನೆಯ ನಿಯಂತ್ರಣವನ್ನು ಯೀಸ್ಟಿನಲ್ಲಿ ಹುಡುಕಿದ ಲೀಲ್ಯಾಂಡ್ ಹಾರ್ಟ್‌ವೆಲ್ ಮತ್ತು ಪಾಲ್ ನರ್ಸ್ 2001ರ ನೊಬೆಲ್ ಹಂಚಿಕೊಂಡವರಲ್ಲಿ ಇಬ್ಬರು. ಇದು ಆಕೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಯೀಸ್ಟಿನ ಬಗ್ಗೆ ತಾನಾಗಿಯೇ ಓದತೊಡಗಿದಳು.

ಫೇಲಾದ ಪೇಪರನ್ನು ಮತ್ತೆ ಬರೆದು ಪಾಸಾಗಿದ್ದಾಳೆ, ಸಾಧಾರಣ ಮಾರ್ಕ್ಸಿನಲ್ಲಿ. ಲ್ಯಾಬ್ ದಿನದ ಹೊಟ್ಟೆ ತೊಳಸು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಕಿಣ್ವಗಳ ಗಣಿತ ಈಗಲೂ ಕಾಡುತ್ತಿದೆ, ಅದಕ್ಕೆ ಹಿರಿಯ ವಿದ್ಯಾರ್ಥಿಯೊಬ್ಬರ ಬಳಿ ಹೇಳಿಸಿಕೊಳ್ಳುತ್ತಿದ್ದಾಳೆ. ಬಿಡುವುದೋ ಮುಂದುವರಿಯುವುದೋ ಎಂಬುದನ್ನು ಇನ್ನೂ ಅಂತಿಮಗೊಳಿಸಿಲ್ಲ. ರಜೆಯಲ್ಲಿ ಯೀಸ್ಟ್ ಮೇಲೆ ಕೆಲಸ ಮಾಡುವ ಪ್ರಯೋಗಾಲಯವೊಂದರಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಸೇರಿಕೊಳ್ಳಲು ಕೇಳಿದ್ದಾಳೆ, ಅವರು ಒಪ್ಪಿದ್ದಾರೆ. ಅದು ಮುಗಿದ ಮೇಲೆ ಆ ಎರಡು ಪಟ್ಟಿಗಳನ್ನು ಹೊಸದಾಗಿ ಬರೆದು ತರುವುದಾಗಿ ಮಾತಾಗಿದೆ.