ಕಡೇ ದಿನ ಹೊಸ ಜಾಗ ಬೇಡ

ಪ್ರಶ್ನೆ: ಅಕ್ಕಾ, ನನಗೆ 44 ವರ್ಷ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಮಗಳ ಮದುವೆ ಮುಗಿಯಿತು. ಬರುವ ಜನವರಿಯಲ್ಲಿ ಮೊದಲ ಸಲ ಒಬ್ಬಳೇ ಕೋಲ್ಕತ್ತಕ್ಕೆ ಹೋಗುತ್ತಿದ್ದೇನೆ, ನಾಲ್ಕು ದಿನ. ಮೂರು ದಿನದ ಲೆಕ್ಕ ಹಾಕಿಯಾಗಿದೆ. ನಾಲ್ಕನೆಯದ್ದೇ ತಲೆನೋವು. ಅವತ್ತು ಸೋಮವಾರ. ಸಂಜೆ 4.40ಕ್ಕೆ ಬೆಂಗಳೂರಿಗೆ ವಿಮಾನ. ಲಾಡ್ಜ್ ರೂಮು 11 ಗಂಟೆಗೆ ಬಿಡಬೇಕು. ದಕ್ಷಿಣೇಶ್ವರ, ರಾಮಕೃಷ್ಣ ಮಿಷನ್ನಿನ ಬೇಲೂರು ಮಠ, ಮ್ಯೂಸಿಯಂ ಮೂರನ್ನೂ ಅವತ್ತೇ ಮುಗಿಸಲಾ? ಬ್ಯಾಗ್ ಎಲ್ಲಿ ಇಡಲಿ? ಇನ್ನೊಂದು ಮಾತು. ಇನ್ನೂ ಹೊರಟೇ ಇಲ್ಲ, ಆದರೂ ಆ ಕಡೇ ದಿನ ನೆನೆಸಿಕೊಂಡರೆ ಈಗಲೇ ಒಂಥರಾ ಬೇಜಾರು. ಯಾಕೆ ಹೀಗೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ಮೂರನ್ನೂ ಅವತ್ತಿಗೆ ಇಟ್ಟುಕೊಳ್ಳಬೇಡಿ. ಒಂದನ್ನೂ ಇಟ್ಟುಕೊಳ್ಳಬೇಡಿ. ಸುಮ್ನೆ ಹೇಳುತ್ತಿಲ್ಲ, ನಾನು ಅನುಭವಿಸಿದ್ದೇನೆ.

2019ರಲ್ಲಿ, ಶಾಲೆಯಿಂದ ನಿವೃತ್ತಳಾದ ವರ್ಷ, ನಾನೂ ಅದೇ ಊರಿಗೆ ಒಬ್ಬಳೇ ಹೋಗಿದ್ದೆ. ನನ್ನ ವಿಮಾನವೂ ಸಂಜೆಯದ್ದೇ. ಬೆಳಿಗ್ಗೆ ಟ್ಯಾಕ್ಸಿ ಹಿಡಿದು ದಕ್ಷಿಣೇಶ್ವರಕ್ಕೆ ಹೋದೆ. ಕಾಳಿ ದರ್ಶನದ ಸಾಲು ಉದ್ದವಿತ್ತು. ಅಲ್ಲಿಂದ ದೋಣಿಯಲ್ಲಿ ಹೂಗ್ಲಿ ನದಿ ದಾಟಿ ಬೇಲೂರು ಮಠಕ್ಕೆ ಹೋದರೆ ಮಧ್ಯಾಹ್ನದ ಬಾಗಿಲು ಹಾಕಿಬಿಟ್ಟಿದ್ದರು. ಇನ್ನು ತೆರೆಯುವುದು ಸಂಜೆಗೇ. ಚಿಕ್ಕಂದಿನಿಂದ ನೋಡಬೇಕು ಅಂದುಕೊಂಡ ಜಾಗ ಅದು. ಗೇಟಿನ ಹೊರಗೆ ಹತ್ತು ನಿಮಿಷ ನಿಂತು ವಾಪಸ್ ಹೊರಟೆ. ಬ್ಯಾಗ್ ಲಾಡ್ಜಿನಲ್ಲಿತ್ತು, ಲಾಡ್ಜ್ ಊರಿನ ನಡುವೆ. ಅಲ್ಲಿಗೆ ಬಂದು, ಬ್ಯಾಗ್ ತೆಗೆದುಕೊಂಡು, ಮತ್ತೆ ವಿಮಾನ ನಿಲ್ದಾಣ ಇರುವ ಡಂಡಂ ಕಡೆ ಹೊರಟರೆ ದಾರಿ ತುಂಬಾ ಗಾಡಿ. ನಿಲ್ದಾಣ ಮುಟ್ಟಿದಾಗ ವಿಮಾನ ಹೊರಡಲು ಇನ್ನೂ 50 ನಿಮಿಷ ಇತ್ತು. ಆದರೆ ಬ್ಯಾಗ್ ತೆಗೆದುಕೊಳ್ಳುವ ಕೌಂಟರ್ ಮುಚ್ಚಿತ್ತು. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ. ತಪ್ಪು ನನ್ನದೇ. ರಾತ್ರಿ ವಿಮಾನಕ್ಕೆ ಹೊಸ ಟಿಕೆಟ್ ಕೊಂಡೆ. ದುಡ್ಡು ಹೋಯಿತು, ಅದು ಬೇರೆ ಮಾತು. ಆ ದಿನದ ಊರು ನನ್ನ ಕಣ್ಣಲ್ಲಿ ಒಂಚೂರೂ ಉಳಿಯಲಿಲ್ಲ. ನೆನಪಿರುವುದು ಕೈಗಡಿಯಾರ ಒಂದೇ. ಈಗಲೂ ಅದಕ್ಕೇ ಹೊಟ್ಟೆ ಉರಿಯುತ್ತದೆ.

ಹಾಗಾಗಿ ದಕ್ಷಿಣೇಶ್ವರ, ಬೇಲೂರು ಎರಡನ್ನೂ ಎರಡನೇ ದಿನಕ್ಕೆ ಹಾಕಿಕೊಳ್ಳಿ, ಬೆಳಿಗ್ಗೆ ಬೇಗ ಹೊರಡಿ. ಈಗ ದಕ್ಷಿಣೇಶ್ವರದವರೆಗೂ ಮೆಟ್ರೊ ಇದೆ, ನನ್ನ ಕಾಲಕ್ಕೆ ಇರಲಿಲ್ಲ. ಮ್ಯೂಸಿಯಂ ಸೋಮವಾರ ರಜೆ. ಅದೂ ಮೊದಲೇ ಮುಗಿಯಲಿ.

ಹಾಗಾದರೆ ಸೋಮವಾರ ಏನು ಮಾಡುವುದು ಅಂತೀರಾ? ಮೂರು ದಿನದಲ್ಲಿ ನಿಮಗೆ ಜಾಸ್ತಿ ಇಷ್ಟವಾದ ಒಂದು ಜಾಗಕ್ಕೆ ಮತ್ತೆ ಹೋಗಿ. ಅದೇ ಜಾಗ, ಎರಡನೇ ಸಲ. ನನ್ನನ್ನು ಕೇಳಿದರೆ ಹೌರಾ ಸೇತುವೆಯ ಕೆಳಗಿನ ಮಲ್ಲಿಕ್ ಘಾಟ್ ಹೂವಿನ ಸಂತೆ. ನಮ್ಮಲ್ಲಿ ಮೊಳ, ಮಾರಿನ ಲೆಕ್ಕದಲ್ಲಿ ಕೊಳ್ಳುವ ಚೆಂಡುಹೂವಿನ ಸರವನ್ನು ಅಲ್ಲಿ ಗಂಡಸರು ಹೊರೆಗಟ್ಟಲೆ ಹೆಗಲ ಮೇಲೆ ಹೊತ್ತು ನಿಂತಿರುತ್ತಾರೆ. ಹಳದಿ ಒಂದು ಹೆಗಲು, ಕೇಸರಿ ಒಂದು ಹೆಗಲು. ಕಾಲ ಕೆಳಗೆ ಕೆಸರು, ಕೊಳೆತ ಎಲೆ, ಸುಗಂಧರಾಜದ ವಾಸನೆ. ಹಳೇ ಚಪ್ಪಲಿ ಹಾಕಿಕೊಂಡು ಹೋಗಿ. ತಲೆ ಎತ್ತಿದರೆ 1943ರಲ್ಲಿ ತೆರೆದ ಆ ದೊಡ್ಡ ಕಬ್ಬಿಣದ ಸೇತುವೆ. ಅದರಲ್ಲಿ ನಟ್ಟು ಬೋಲ್ಟು ಇಲ್ಲ, ಇಡೀ ಸೇತುವೆ ರಿವೆಟ್ ಬಡಿದು ಕೂಡಿಸಿದ್ದು. ಹೊಲಿಗೆ ಗೊತ್ತಿರುವ ನಿಮಗೆ ಅದನ್ನು ನೋಡಿದರೆ ಖುಷಿ ಆಗುತ್ತದೆ ಅಂತ ನನಗನಿಸುತ್ತದೆ. ನಿಮ್ಮ ಸೀರೆಯ ಫಾಲ್ ಹೊಲಿಗೆಯ ಹಾಗೆ, ಸಾಲು ಸಾಲಾಗಿ ಒಂದೇ ಅಂತರದಲ್ಲಿ ಕೂತಿರುತ್ತವೆ. ಮೊದಲ ಸಲ ಹೋದಾಗ ಜನ, ಗದ್ದಲ, ಫೋಟೋ ಇಷ್ಟೇ ಆಗುತ್ತದೆ. ಇಂಥ ಸಣ್ಣದು ಕಾಣುವುದು ಎರಡನೇ ಸಲ.

ಏಳಕ್ಕೆಲ್ಲ ಅಲ್ಲಿರಿ. ಮಣ್ಣಿನ ಕುಡಿಕೆಯಲ್ಲಿ ಟೀ ಕುಡಿಯಿರಿ. ಒಂಬತ್ತೂವರೆಗೆ ಲಾಡ್ಜಿಗೆ ವಾಪಸ್. ಸ್ನಾನ, ತಿಂಡಿ, ಬ್ಯಾಗ್. ರೂಮು ಬಿಟ್ಟ ಮೇಲೂ ಒಂದೆರಡು ಗಂಟೆ ಬ್ಯಾಗ್ ಇಟ್ಟುಕೊಳ್ಳುತ್ತೀರಾ ಅಂತ ಹಿಂದಿನ ರಾತ್ರಿಯೇ ಕೇಳಿ, ಹೆಚ್ಚಿನ ಕಡೆ ಇಟ್ಟುಕೊಳ್ಳುತ್ತಾರೆ. ಬೀಗ ಹಾಕಿರಲಿ. ಆಮೇಲೆ ಲಾಡ್ಜಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಇರಿ. ಟ್ಯಾಕ್ಸಿ ಹತ್ತಲೇಬೇಡಿ. ಒಂದು ಗಂಟೆಗೆ ಹೊರಡಿ. 2025ರ ಆಗಸ್ಟ್‌ನಿಂದ ವಿಮಾನ ನಿಲ್ದಾಣಕ್ಕೂ ಮೆಟ್ರೊ ಬಂದಿದೆ. ನೋವಾಪಾರಾದಲ್ಲಿ ಇಳಿದು ಗಾಡಿ ಬದಲಿಸಬೇಕು. ಬ್ಯಾಗ್ ಹಗುರ ಇದ್ದರೆ ಅದೇ ಒಳ್ಳೆಯದು, ಟ್ರಾಫಿಕ್ಕಿನ ಭಯ ಇಲ್ಲ.

ಕೆಲಸದವರು ನೀವು, ಪರ್ಸಿನಲ್ಲಿ ಕತ್ತರಿ ಇದ್ದೇ ಇರುತ್ತದೆ ಅಲ್ವಾ? ಅದು ದೊಡ್ಡ ಬ್ಯಾಗಿಗೆ ಹೋಗಲಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಮನೆ ಬೀಗದ ಕೈಯೂ ಕೈಚೀಲದಲ್ಲೇ. ಬಲಗಡೆ ಕಿಟಕಿ ಸೀಟು ಸಿಕ್ಕರೆ ತೆಗೆದುಕೊಳ್ಳಿ. ವಿಮಾನ ನೈರುತ್ಯಕ್ಕೆ ಹಾರುತ್ತದೆ, ಜನವರಿಯ ಸಂಜೆ ಮೋಡ ಇಲ್ಲದಿದ್ದರೆ ಸೂರ್ಯ ಮುಳುಗುವುದು ಆ ಕಡೆಗೇ ಕಾಣುತ್ತದೆ.

ಇನ್ನು ಬೇಜಾರಿನ ಮಾತು. ಮನೆಯವರ ಜೊತೆ ಹೋದರೆ ವಾಪಸ್ ಬರುವಾಗಲೂ ಮಾತಿಗೆ ಜನ ಇರುತ್ತಾರೆ. ಒಬ್ಬರೇ ಹೋದಾಗ ಹಾಗಲ್ಲ. ನಾಲ್ಕು ದಿನ ನೀವು ಯಾರ ಅಮ್ಮನೂ ಅಲ್ಲ, ಯಾರ ಸೊಸೆಯೂ ಅಲ್ಲ. ಆ ನಾಲ್ಕು ದಿನ ಮುಗಿಯುತ್ತದಲ್ಲ, ಸಂಕಟ ಅದರದ್ದು. ಅದನ್ನು ತಪ್ಪು ಅಂದುಕೊಳ್ಳಬೇಡಿ. ನನಗೂ ಆಗಿತ್ತು. ಹೇಳಿ ಹೊರಡಲು ಒಬ್ಬರೂ ಇಲ್ಲದ ಊರಿನಿಂದ ಹೊರಡುವುದು ಕಷ್ಟ. ಅದಕ್ಕೆ ಮೊದಲ ದಿನದಿಂದಲೇ ಒಂದೇ ಟೀ ಅಂಗಡಿಗೆ ಹೋಗುತ್ತಿರಿ. ಮೂರನೇ ದಿನಕ್ಕೆ ಅವರು ನಿಮ್ಮ ಗುರುತು ಹಿಡಿಯುತ್ತಾರೆ. ಕಡೇ ದಿನ ಅವರಿಗೆ ಹೇಳಿ ಹೊರಡಿ. ನಾವು ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತೇವೆ. ಬಂಗಾಳಿಗಳಲ್ಲೂ ಹಾಗೇ. ಹೊರಡುವಾಗ ‘ಆಶಿ’ ಅನ್ನುತ್ತಾರೆ, ‘ಬರ್ತೀನಿ’ ಅಂತ ಅದರ ಅರ್ಥ. ನನಗೆ ಅದನ್ನು ಕಲಿಸಿದ್ದು ಲಾಡ್ಜಿನ ಎದುರಿನ ಟೀ ಅಂಗಡಿಯ ಹೆಂಗಸು. ಆದರೆ ಆ ಓಡಾಟದ ದಿನ ಅವಳಿಗೇ ಹೇಳದೆ ಟ್ಯಾಕ್ಸಿ ಹತ್ತಿಬಿಟ್ಟೆ. ನೀವು ಹೇಳಿ ಬನ್ನಿ.

ಪ್ರಶ್ನೆ: ಕೋಲ್ಕತ್ತದಿಂದ ರಸಗುಲ್ಲಾ ತರಬಹುದಾ, ಮೇಡಂ? ವಿಮಾನದಲ್ಲಿ ಪಾಕ ಚೆಲ್ಲಿದರೆ?
– ಓದುಗರು, ಹರಿಹರ

ಉತ್ತರ: ಸೀಲ್ ಮಾಡಿದ ಡಬ್ಬಿಯಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಟ್ಟೆಯ ನಡುವೆ ಇಟ್ಟು, ದೊಡ್ಡ ಬ್ಯಾಗಿಗೆ ಹಾಕಿ. ತೂಕ ಮಾತ್ರ ನೋಡಿಕೊಳ್ಳಿ, ದೇಶದೊಳಗಿನ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕೆ.ಜಿ. ಮಿತಿ. ಆದರೆ ರಸಗುಲ್ಲಾ ಬೆಂಗಳೂರಲ್ಲೂ ಚೆನ್ನಾಗಿಯೇ ಸಿಗುತ್ತದೆ. ಚಳಿಗಾಲದಲ್ಲಿ ಹೋದರೆ ನೊಲೇನ್ ಗುಡ್ ಹಾಕಿದ ಸಂದೇಶ್ ಅನ್ನುವ ಸಿಹಿ ತನ್ನಿ. ನಮ್ಮ ಹಳ್ಳಗಳ ಬದಿಯಲ್ಲಿ ಬೆಳೆಯುವ ಈಚಲು ಮರ ಇದೆಯಲ್ಲ, ಅದರ ರಸದಿಂದ ಕಾಸಿದ ಹೊಸ ಬೆಲ್ಲ ಅದು. ಸ್ವಲ್ಪ ಹೊಗೆಯ ವಾಸನೆ ಇರುತ್ತದೆ. ಗಟ್ಟಿ ಸಂದೇಶ್ ಕೇಳಿ, ಮೆತ್ತನೆಯದು ದಾರಿಯಲ್ಲೇ ಕೆಡುತ್ತದೆ. ಹೊರಡುವ ದಿನವೇ ಕೊಳ್ಳಿ, ಮನೆ ಮುಟ್ಟಿದ ದಿನವೇ ಹಂಚಿಬಿಡಿ.

ಪ್ರಶ್ನೆ: ಅಮ್ಮ ಒಬ್ಬರೇ ದೆಹಲಿಗೆ ಹೋಗಿದ್ದಾರೆ. ಶನಿವಾರ ರಾತ್ರಿ 8ಕ್ಕೆ ಬೆಂಗಳೂರಿಗೆ ವಿಮಾನ ಬರುತ್ತದೆ. ನನಗೆ ರಜೆ ಇಲ್ಲ, ಕರೆದುಕೊಂಡು ಬರಲು ಆಗುತ್ತಿಲ್ಲ. ಚಿತ್ರದುರ್ಗಕ್ಕೆ ಹೇಗೆ ಬರಲಿ ಅಂತ ಕೇಳುತ್ತಿದ್ದಾರೆ.
– ಓದುಗ, ಚಿತ್ರದುರ್ಗ

ಉತ್ತರ: ವಿಮಾನ ಇಳಿದರೆ ಊರು ಬಂತು ಅಂತ ನಾವೆಲ್ಲ ತಿಳಿಯುತ್ತೇವೆ. ದೇವನಹಳ್ಳಿಯಲ್ಲಿ ಇಳಿದ ಮೇಲೆ ದುರ್ಗದವರಿಗೆ ಇನ್ನೂ 200 ಕಿ.ಮೀ. ದಾರಿ, ದಾವಣಗೆರೆಯವರಿಗೆ 260. ದೆಹಲಿಯಿಂದ ಬೆಂಗಳೂರಿಗೆ ಹಾರುವುದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಬೇಕು. ಅದಕ್ಕೆ ಬಸ್ ಟಿಕೆಟ್ ಈಗಲೇ ಮಾಡಿಸಿ, ಅಮ್ಮ ಇಳಿದ ಮೇಲೆ ಅಲ್ಲ.

ವಿಮಾನ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ವಾಯು ವಜ್ರ ಬಸ್ ಇದೆ. ಗೊರಗುಂಟೆಪಾಳ್ಯದಲ್ಲಿ ಹತ್ತಿದರೆ ಹತ್ತಿರ ಅಂತ ಯಾರಾದರೂ ಹೇಳುತ್ತಾರೆ. ಹತ್ತಿರ ನಿಜ, ದಾವಣಗೆರೆ ಕಡೆಯ ಬಸ್ಸುಗಳು ಅಲ್ಲಿ ಹಾದೇ ತುಮಕೂರು ರಸ್ತೆ ಹಿಡಿಯುತ್ತವೆ. ಆದರೆ ರಾತ್ರಿ ರಸ್ತೆ ಬದಿಯಲ್ಲಿ ಬ್ಯಾಗ್ ಹಿಡಿದು ಅಮ್ಮ ಒಬ್ಬರೇ ನಿಲ್ಲುವುದು ಬೇಡ. ಮೆಜೆಸ್ಟಿಕ್ಕಿನಲ್ಲಿ ಬೆಳಕಿದೆ, ಕೂರಲು ಜಾಗ ಇದೆ, ಕೇಳಿದರೆ ಹೇಳುವವರಿದ್ದಾರೆ. ಹತ್ತು ಗಂಟೆಯ ಬಸ್ ಮಾಡಿಸಬೇಡಿ. ವಿಮಾನ ಅರ್ಧ ಗಂಟೆ ತಡವಾದರೂ ಅದು ತಪ್ಪುತ್ತದೆ. ಸಿಕ್ಕರೂ ನಡುರಾತ್ರಿ ದಾಟಿದ ಮೇಲೆ ದುರ್ಗದಲ್ಲಿ ಇಳಿಸುತ್ತದೆ. ಹನ್ನೆರಡರ ಮೇಲೆ ಹೊರಡುವುದನ್ನು ನೋಡಿ.

ಮುಖ್ಯವಾದದ್ದು ಇನ್ನೊಂದಿದೆ. ರಾತ್ರಿಯ ಎಷ್ಟೋ ಬಸ್ಸುಗಳು ದುರ್ಗದ ಊರೊಳಗೆ ಬರುವುದಿಲ್ಲ, ಬೈಪಾಸಿನಲ್ಲೇ ಇಳಿಸಿ ಮುಂದೆ ಹೋಗುತ್ತವೆ. ಬಸ್ ಸ್ಟ್ಯಾಂಡಿಗೆ ಹೋಗುತ್ತದೆಯಾ ಅಂತ ಟಿಕೆಟ್ ಮಾಡಿಸುವಾಗ ಕೇಳಿ. ಅಮ್ಮನೂ ಹತ್ತುವಾಗ ಕಂಡಕ್ಟರನ್ನು ಕೇಳಲಿ. ಹಿರಿಯೂರು ಬಂದ ಕೂಡಲೇ ನಿಮಗೆ ಫೋನ್ ಮಾಡಲು ಹೇಳಿ. ಅಲ್ಲಿಂದ ದುರ್ಗಕ್ಕೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ನೀವು ಎದ್ದು, ಬೈಕ್ ತೆಗೆದು, ಬಸ್ ಬರುವ ಮೊದಲೇ ಅಲ್ಲಿ ನಿಂತಿರಿ. ಆ ಹೊತ್ತಿಗೆ ದುರ್ಗದಲ್ಲಿ ಗಾಳಿ ಜೋರಾಗಿ ಬೀಸುತ್ತದೆ. ಅಮ್ಮನಿಗೆ ಒಂದು ಸ್ವೆಟರ್, ಫ್ಲಾಸ್ಕಿನಲ್ಲಿ ಟೀ ತೆಗೆದುಕೊಂಡು ಹೋಗಿ.