ಮಕ್ಕಳ ಕೋಣೆ ಖಾಲಿ ಇದ್ದರೆ ಮೊದಲು ಟಾರ್ಗೆಟ್ ನೋಡಿ

ಗಾರ್ಮೆಂಟ್ಸ್‌ನಲ್ಲಿ ಶಿಶುಪಾಲನಾ ಕೋಣೆ ಇದ್ದರೂ ತಾಯಂದಿರು ಮಕ್ಕಳನ್ನು ತರುತ್ತಿಲ್ಲ, ಇದಕ್ಕೆ ಆರೈಕೆಯ ನೀತಿ ಏನು ಹೇಳುತ್ತದೆ ಅಂತ ಕೇಳಿದಿರಿ. ಬಹುಶಃ ತೊಂದರೆ ಇರುವುದು ಕೋಣೆಯಲ್ಲಲ್ಲ, ಹೊಲಿಗೆ ಲೈನಿನಲ್ಲಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವಲ್ಲಿ ಈ ಸೌಲಭ್ಯ ಕಡ್ಡಾಯ ಮಾಡಿತು. ತಾಯಿಗೆ ದಿನಕ್ಕೆ 4 ಸಲ ಮಗುವನ್ನು ನೋಡಲು ಬಿಡಬೇಕು ಅಂತಲೂ ಹೇಳಿತು. ಆದರೆ ಗಂಟೆಗಿಷ್ಟು ಪೀಸ್ ಹೊಲಿಯಬೇಕು ಅನ್ನುವ ಟಾರ್ಗೆಟ್ ಹಾಗೇ ಇದ್ದರೆ ಆಕೆ ಎದ್ದು ಹೋಗುವುದು ಹೇಗೆ?

ಆರೈಕೆಯ ನೀತಿ, ಅಂದರೆ ಒಬ್ಬರನ್ನೊಬ್ಬರು ನೋಡಿಕೊಳ್ಳುವುದನ್ನೇ ನೈತಿಕತೆಯ ಕೇಂದ್ರ ಅನ್ನುವ ಚಿಂತನೆ, ಇಲ್ಲೇ ಕೆಲಸಕ್ಕೆ ಬರುತ್ತದೆ. ಅಮೆರಿಕದ ರಾಜಕೀಯ ಚಿಂತಕಿ ಜೋನ್ ಟ್ರಾಂಟೊ ಆರೈಕೆಯನ್ನು ಬಿಡಿಸಿ ನೋಡುತ್ತಾರೆ: ಅಗತ್ಯ ಗಮನಿಸುವುದು, ಹೊಣೆ ಹೊರುವುದು, ಕೈಯಾರೆ ನೋಡಿಕೊಳ್ಳುವುದು, ಆರೈಕೆ ಪಡೆದವರಿಗೆ ಅದು ಒದಗಿತಾ ಅಂತ ತಿಳಿಯುವುದು. ನಿಮ್ಮಲ್ಲಿ ಕೊನೆಯದು ಆಗಿಲ್ಲ ಅನ್ನಿಸುತ್ತದೆ.

ಮೊದಲು ತಾಯಂದಿರ ಜೊತೆ ಊಟದ ಹೊತ್ತಲ್ಲಿ ಕೂತು ಮಾತಾಡಿ, ಸೂಪರ್‌ವೈಸರ್ ಇಲ್ಲದಾಗ. ಫಾರ್ಮ್ ಕೊಡಬೇಡಿ. ನಾವು ಕೊಟ್ಟಾಗ ಎಲ್ಲರೂ ‘ಚೆನ್ನಾಗಿದೆ’ ಅಂತ ಬರೆದರು, ಕೋಣೆ ಖಾಲಿಯೇ ಇತ್ತು. ಮಗು ಬಂದ ಮೇಲೆ ಕೆಲಸ ಬಿಟ್ಟವರನ್ನೂ ಹುಡುಕಿ ಕೇಳಿ, ನಿಜವಾದ ಕಾರಣ ಸಿಗುವುದು ಅವರ ಹತ್ತಿರ. ಆಮೇಲೆ ಆ 4 ಭೇಟಿಗಳ ಸಮಯವನ್ನು ಟಾರ್ಗೆಟ್‌ನಿಂದ ಕಳೆಯಿರಿ, ಬರವಣಿಗೆಯಲ್ಲೇ. ಆಯಾಗಳ ಸಂಬಳ, ಬಿಡುವು, ಒಬ್ಬರಿಗೆ ಎಷ್ಟು ಮಕ್ಕಳು ಅನ್ನುವುದನ್ನೂ ನೋಡಿ. ಅವರು ಸುಸ್ತಾಗಿದ್ದರೆ ಯಾವ ತಾಯಿಗೂ ಧೈರ್ಯ ಬರಲ್ಲ. ನಿಯಮದಲ್ಲಿ ‘ತಾಯಿ’ ಬದಲು ‘ತಾಯಿ ಅಥವಾ ತಂದೆ’ ಅಂತ ಬರೆಯಿರಿ.

ಇಷ್ಟಾದರೂ ಕೋಣೆ ತುಂಬದೇ ಇರಬಹುದು. ಬೆಳಗಿನ ಬಸ್ಸಿನ ನೂಕುನುಗ್ಗಲೇ ಕಾರಣವಾದರೆ, ಕೋಣೆಯನ್ನು ಅವರ ಮನೆಗಳ ಹತ್ತಿರ ಮಾಡಲು ಕಂಪನಿಯನ್ನು ಕೇಳಿ.