ಓಡುವ ಬಸ್ಸಿನಲ್ಲಿ ಟೈಪಿಂಗ್ ತಪ್ಪಾಗುವುದು ಪರದೆಯ ಬಣ್ಣದಿಂದಲೇ?

ರಾತ್ರಿ ಬಸ್ಸಿನಲ್ಲಿ ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪ್ ಮಾಡುವಾಗ ತಪ್ಪುಗಳು ವಿಪರೀತವಾಗುತ್ತಿವೆ, ಪರದೆಯನ್ನು ಕಪ್ಪು ಹಿನ್ನೆಲೆಗೆ ಬದಲಿಸಿದರೆ ಕಡಿಮೆಯಾದಾವೇ ಎಂದು ಕೇಳಿದ್ದೀರಿ. ಬೆಂಗಳೂರು–ಮಂಗಳೂರು ಬಸ್ಸುಗಳಲ್ಲಿ ಅನುವಾದದ ಕೆಲಸ ಮಾಡುತ್ತಲೇ ಓಡಾಡಿರುವ ನನ್ನ ಅನುಭವದಲ್ಲಿ, ತಪ್ಪು ಮಾಡಿಸುವುದು ಕುಲುಕಾಟ. ಆದ ತಪ್ಪು ಕಣ್ಣಿಗೆ ಬೀಳುತ್ತದೆಯೇ ಇಲ್ಲವೇ ಎಂಬುದರಲ್ಲಿ ಮಾತ್ರ ಬಣ್ಣದ ಪಾತ್ರವಿದೆ.

ಕುಳಿತ ದೇಹವು ಸೆಕೆಂಡಿಗೆ ಸುಮಾರು 4ರಿಂದ 8 ಬಾರಿ ಮೇಲೆ ಕೆಳಗೆ ಆಗುವ ಕಂಪನಕ್ಕೆ ಹೆಚ್ಚು ಸ್ಪಂದಿಸುತ್ತದೆ. ತಲೆ ಅಲುಗಿದಾಗ ಒಳಗಿವಿಯ ಸಮತೋಲನ ಅಂಗದ ಸೂಚನೆಯಂತೆ ಕಣ್ಣು ಎದುರು ದಿಕ್ಕಿಗೆ ತಿರುಗಿ ನೋಟವನ್ನು ಸ್ಥಿರವಾಗಿಡುವುದರಿಂದ ಕಿಟಕಿಯಾಚೆಯ ದೂರದ ಬೋರ್ಡನ್ನು ಓದಲು ಅಷ್ಟು ಕಷ್ಟವಾಗದು. ಆದರೆ ತೊಡೆಯ ಮೇಲಿನ ಲ್ಯಾಪ್‌ಟಾಪ್ ತನ್ನದೇ ಲಯದಲ್ಲಿ ಕುಣಿಯುತ್ತಿರುತ್ತದೆ, ಸೆಕೆಂಡಿಗೆ ಒಂದೆರಡು ಸಲಕ್ಕಿಂತ ಬೇಗ ಓಲಾಡುವ ವಸ್ತುವನ್ನು ಕಣ್ಣು ಸರಿಯಾಗಿ ಹಿಂಬಾಲಿಸಲಾರದು. ಇಂಗ್ಲಿಷಿಗಿಂತ ಕನ್ನಡಕ್ಕೆ ಇದರ ಪೆಟ್ಟು ಹೆಚ್ಚೆಂದು ನನಗನ್ನಿಸುತ್ತದೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು; ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಎರಡೂ ಒಂದೇ ಕೀಲಿಯಲ್ಲಿದ್ದು, ಮಹಾಪ್ರಾಣಕ್ಕೆ ಶಿಫ್ಟ್ ಒತ್ತಬೇಕು. ಬಸ್ಸು ಹಂಪ್ ಹಾರಿದಾಗ ಮೊದಲು ಜಾರುವುದು ಶಿಫ್ಟ್ ಮೇಲಿನ ಕಿರುಬೆರಳೇ. ಒಮ್ಮೆ ಶಿರಾಡಿ ಘಾಟಿಯಲ್ಲಿ ಸಿದ್ಧಪಡಿಸಿದ ಪತ್ರದಲ್ಲಿ ‘ಸಹಾಯಧನ’ ನಾಲ್ಕು ಕಡೆ ‘ಸಹಾಯದನ’ವಾಗಿತ್ತು, ಮನೆಗೆ ಬಂದು ನೋಡುವವರೆಗೂ ಗೊತ್ತಾಗಲಿಲ್ಲ.

ಆ ದಿನ ನನ್ನ ಪರದೆ ಕಪ್ಪಾಗಿಯೇ ಇತ್ತು. ಕಪ್ಪು ಹಿನ್ನೆಲೆಯಲ್ಲಿ ಕಣ್ಣಿನ ಪಾಪೆ ಹಿಗ್ಗುವುದರಿಂದ ಬಿಳಿ ಅಕ್ಷರಗಳ ಅಂಚು ಹರಡಿದಂತೆ ಕಾಣುತ್ತದೆ, ನನ್ನಂತೆ ಅಸ್ಟಿಗ್ಮ್ಯಾಟಿಸಂ (ಕಣ್ಣಿನ ವಕ್ರತೆ ಎಲ್ಲ ಕಡೆ ಸಮನಾಗಿಲ್ಲದ ದೃಷ್ಟಿದೋಷ) ಇರುವವರಿಗೆ ಇನ್ನೂ ಹೆಚ್ಚು. ತಿಳಿ ಹಿನ್ನೆಲೆಯಲ್ಲಿ ಪಾಪೆ ಕುಗ್ಗಿ ಅಕ್ಷರ ಚೂಪಾಗುತ್ತದೆ. ಹಾಗೆಂದು ಕತ್ತಲೆಯ ಬಸ್ಸಿನಲ್ಲಿ ಅಚ್ಚಬಿಳಿ ಪರದೆ ತೆರೆದರೆ ಪಕ್ಕದ ಸೀಟಿನವರ ನಿದ್ದೆಯೂ ಕೆಡುತ್ತದೆ. ಆದ್ದರಿಂದ ಈಗ ನಾನು ಬೆಳಕನ್ನು ತಗ್ಗಿಸಿ, ಕೆನೆಬಣ್ಣದ ಮೇಲೆ ಕಪ್ಪು ಅಕ್ಷರವನ್ನು, ಅದೂ ಮನೆಯಲ್ಲಿ ಬಳಸುವುದಕ್ಕಿಂತ ದೊಡ್ಡ ಗಾತ್ರದಲ್ಲಿ, ಇಟ್ಟುಕೊಳ್ಳುತ್ತೇನೆ. ನೀಲಿಯ ಮೇಲೆ ಕೆಂಪು ಅಕ್ಷರ ಮಾತ್ರ ಬೇಡವೇ ಬೇಡ, ಆ ಎರಡು ಬಣ್ಣಗಳು ಕಣ್ಣಿನೊಳಗೆ ಒಂದೇ ದೂರದಲ್ಲಿ ಕೇಂದ್ರೀಕೃತವಾಗುವುದಿಲ್ಲ.

ಕುಲುಕಾಟಕ್ಕೆ ಮದ್ದು ಬೇರೆ. ಹಿಂದಿನ ಚಕ್ರದ ಮೇಲಿನ ಸೀಟನ್ನು ಬಿಟ್ಟು ಎರಡು ಆಕ್ಸಲ್‌ಗಳ ನಡುವಿನದನ್ನು ಕಾಯ್ದಿರಿಸಿ. ಮುಂದಿನ ಸೀಟಿನ ಬೆನ್ನಿಗಿರುವ ಟ್ರೇಗಿಂತ ತೊಡೆಯ ಮೇಲೆ ಮೆತ್ತನೆಯ ಚೀಲವಿಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಇಡುವುದು ಮೇಲು. ಎರಡೂ ಅಂಗೈಗಳ ಬುಡವನ್ನು ಕೀಲಿಮಣೆಯ ಮುಂದಿನ ಜಾಗಕ್ಕೆ ಊರಿದರೆ ಕೈಯೂ ಕೀಲಿಗಳೂ ಒಟ್ಟಿಗೆ ಅಲುಗುತ್ತವೆ, ಬೆರಳು ಗುರಿ ತಪ್ಪುವುದು ಕಡಿಮೆಯಾಗುತ್ತದೆ. ಸಕಲೇಶಪುರ ದಾಟಿದ ಮೇಲೆ ನಾನಂತೂ ಹೊಸದಾಗಿ ಏನನ್ನೂ ಟೈಪ್ ಮಾಡುವುದಿಲ್ಲ.